ಮೆಲ್ಲಣ್ಣನ ಉಸಿರು

ಬಸ್ ನಿಲ್ದಾಣದ ವಿಚಾರಣೆ ಕೌಂಟರಿನ ಹಿಂದೆ ಗಾಜಿನ ಗೂಡಿನಂಥ ಒಂದು ಕೋಣೆ ಇದೆ. ಒಳಗೆ ಒಂದು ಕುರ್ಚಿ, ಒಂದು ಮೈಕು, ಒಂದು ಕೆಂಪು ಗುಂಡಿ, ಹಿಡಿ ಮುರಿದ ಕಪ್ಪಿನಲ್ಲಿ ಬಿಸಿನೀರು. ಬೆಳಗಿನ ಪಾಳಿಯಲ್ಲಿ ಇಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ ಎಂದು ಹೇಳುವ ಹೆಂಗಸಿಗೆ ನಿಲ್ದಾಣದವರು ಇಟ್ಟ ಹೆಸರು ಮೈಕಮ್ಮ. ಸಾವಿರಾರು ಜನ ದಿನವೂ ಅವರ ದನಿ ಕೇಳುತ್ತಾರೆ. ಅವರೇ ಎದುರು ಸಿಕ್ಕರೆ ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಬಸ್ಸು ಹತ್ತುತ್ತಾರೆ.

ನಿಲ್ದಾಣದ ಸೂರು ತಗಡಿನದು, ಬಲು ಉದ್ದ. ಗುಂಡಿ ಒತ್ತಿದರೆ ಗಂಟೆಯ ಸದ್ದು ಆ ತುದಿಗೆ ಹೋಗಿ, ಗೋಡೆಗೆ ಬಡಿದು, ವಾಪಸು ಬರುತ್ತದೆ. ಅದು ಬರುವ ಮೊದಲೇ ಬಾಯಿ ತೆರೆದರೆ ಮಾತು ಕಲಸಿಹೋಗುತ್ತದೆ. ಹಾಗಾಗಿ ಮೈಕಮ್ಮ ಕಾಯುತ್ತಾರೆ. ಸದ್ದು ಹಿಂದಿರುಗಿ ಅಡಗಿದ ಮೇಲೆ ಕತ್ತನ್ನು ಎಡಕ್ಕೆ, ಗೋಡೆಯ ಕಡೆ ತಿರುಗಿಸಿ ಎದೆ ತುಂಬ ಉಸಿರೆಳೆದುಕೊಳ್ಳುತ್ತಾರೆ. ಮತ್ತೆ ಮೈಕಿಗೆ ಮುಖ ಮಾಡಿ ಒಂದೊಂದೇ ಪದವನ್ನು, ಒಂದಕ್ಕೊಂದು ತಾಗದಂತೆ, ಗಾಜಿನ ಲೋಟ ಜೋಡಿಸಿದ ಹಾಗೆ ಇಡುತ್ತಾರೆ. ಈ ಕ್ರಮ ಕಲಿಸಿದವರು ಅವರಿಗಿಂತ ಮೊದಲು ಅದೇ ಕುರ್ಚಿಯಲ್ಲಿದ್ದ ಹಿರಿಯರು. “ಮೈಕಿಗೆ ಮಾತು ಕೊಡು ತಾಯಿ, ಉಸಿರು ಕೊಡಬೇಡ” ಎನ್ನುತ್ತಿದ್ದರಂತೆ. ಉಸಿರು ಮೈಕಿಗೆ ಬಿದ್ದರೆ ಕಾದು ಕೂತ ಒಬ್ಬೊಬ್ಬರಿಗೂ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಗುತ್ತದೆ.

ಒಂದು ಮಧ್ಯಾಹ್ನ, ಬಸ್ಸೊಂದು ರದ್ದಾದ ಮೇಲೆ, ಬಗಲಲ್ಲಿ ಸುರುಳಿ ಸುತ್ತಿದ ಕಾಗದ ಹಿಡಿದ ಗಡ್ಡದ ಮನುಷ್ಯನೊಬ್ಬ ಕೌಂಟರಿಗೆ ಬಂದ. ಬಸ್ ರದ್ದು ಎಂದು ಹೇಳಿದವರು ಯಾರು ಎಂದು ಕೇಳಿದ. ದೂರು ಕೊಡುವವರು ಹೀಗೆಯೇ ಶುರು ಮಾಡುವುದು. ಮೈಕಮ್ಮ ಗಾಜಿನ ಹಿಂದಿನಿಂದಲೇ, ಹೇಳುವುದಷ್ಟೇ ತನ್ನ ಕೆಲಸ, ರದ್ದು ಮಾಡುವವರು ಮೇಲಿನವರು ಎಂದರು.

“ಅದಲ್ಲಮ್ಮ. ನೀವು ರದ್ದು ಅಂದಾಗ ನಾನು ಥ್ಯಾಂಕ್ಸ್ ಅಂದ್ಬಿಟ್ಟೆ. ಒಬ್ಬನೇ ನಿಂತ್ಕೊಂಡು, ಗೋಡೆ ಮೇಲಿನ ಸ್ಪೀಕರಿಗೆ. ಆಮೇಲೆ ಯೋಚನೆ ಮಾಡಿ ಹೆದರಿಕೆ ಆಯ್ತು.”

ಆತ ಒಂದು ಅನಿಮೇಷನ್ ಸ್ಟುಡಿಯೋದ ನಿರ್ದೇಶಕ. ಹಿಂದೆ ವಾರಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕಥೆಯೊಂದನ್ನು ಟಿ.ವಿ.ಗೆ ತರುತ್ತಿದ್ದ. ಅದರ ಖಳನ ಹೆಸರು ಮೆಲ್ಲಣ್ಣ. ಚೌಕಳಿ ಕೋಟು, ಮೂಗಿನವರೆಗೂ ಎತ್ತಿದ ಕಾಲರು, ಕೈಯಲ್ಲಿ ಕೊಡೆ. ಅವನು ಯಾರಿಗೂ ಹೊಡೆಯುವುದಿಲ್ಲ, ಗದರುವುದಿಲ್ಲ. ಬಾಗಿಲು ತಟ್ಟಿ ಬೀಗದ ಕೈ ಕೇಳುತ್ತಾನೆ, ಜನ ಕೊಟ್ಟುಬಿಡುತ್ತಾರೆ. ಮಿಕ್ಕವರ ಮಾತಿನ ಗುಳ್ಳೆಯಲ್ಲಿ ಅಕ್ಷರ ತುಂಬಿ ತುಳುಕುತ್ತಿದ್ದರೆ, ಮೆಲ್ಲಣ್ಣನದು ದೊಡ್ಡ ಗುಳ್ಳೆ, ನಡುವೆ ಇರುವೆ ಸಾಲಿನಂತೆ ಪುಟ್ಟ ಅಕ್ಷರ, ಸುತ್ತ ಬರೀ ಬಿಳಿ. ಆ ಗುಳ್ಳೆಗೆ ದನಿ ಹುಡುಕುತ್ತಿದ್ದೇನೆ ಎಂದ ನಿರ್ದೇಶಕ.

ಮೈಕಮ್ಮ ನಂಬಲಿಲ್ಲ. ಗಂಡಸಿನ ಪಾತ್ರಕ್ಕೆ ಹೆಂಗಸಿನ ದನಿ ಕೇಳಿಕೊಂಡು ಬರುವವನ ಬಗ್ಗೆ ಯಾರು ತಾನೆ ಒಳ್ಳೆಯದು ಯೋಚಿಸುತ್ತಾರೆ? ಆದರೂ ಪಾಳಿ ಮುಗಿದ ಮೇಲೆ ಒಂದು ದಿನ ಹೋದರು. ಹೋಗುವಾಗ ಕೈಚೀಲದಲ್ಲಿ ನಿಲ್ದಾಣದ ಉಗ್ರಾಣದ ಹಳೆಯ ಬೀಗವೊಂದನ್ನು ಹಾಕಿಕೊಂಡಿದ್ದರು. “ಬೀಸಿದ್ರೆ ತಲೆಗೆ ತಾಗೋ ಅಷ್ಟು ಭಾರ ಇತ್ತು” ಎಂದು ಈಗ ನಗುತ್ತಾರೆ. ಆಗ ನಗು ಬಂದಿರಲಿಲ್ಲ.

ಸ್ಟುಡಿಯೋ ಇದ್ದದ್ದು ಮುದ್ರಣಾಲಯವೊಂದರ ಮೇಲಂತಸ್ತಿನಲ್ಲಿ. ಗೋಡೆಯ ತುಂಬ ಮೆಲ್ಲಣ್ಣ: ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ, ಕೂತವನು, ಮೆಟ್ಟಿಲಿಳಿಯುವವನು. ಪತ್ರಿಕೆಯಲ್ಲಿ ಅವನ ಬೆನ್ನನ್ನು ಯಾರೂ ನೋಡಿರಲಿಲ್ಲ. ಇಲ್ಲಿ ಅದನ್ನು ಹೊಸದಾಗಿ ಹುಟ್ಟಿಸಬೇಕಾಗಿತ್ತು. ಕೋಟಿನ ಚೌಕಳಿ ಹೋಗಿ ಬರೀ ಬೂದು ಬಣ್ಣ ಬಂದಿತ್ತು. ನಿಂತ ಚಿತ್ರಕ್ಕೆ ಚೌಕಳಿ ಒಮ್ಮೆ ಎಳೆದರೆ ಆಯಿತು, ನಡೆಯುವ ಚಿತ್ರಕ್ಕೆ ಹೆಜ್ಜೆ ಹೆಜ್ಜೆಗೂ ಎಳೆಯಬೇಕು. ಕೈಗೆ ಒಂದು ಬೆರಳು ಕಡಿಮೆಯಾಗಿತ್ತು, ಕಾರಣ ಅದೇ. ಕಾಲರು ಮಾತ್ರ ಹಾಗೆಯೇ ಉಳಿದಿತ್ತು. ಬಾಯಿ ಕಾಣದಿದ್ದರೆ ಮಾತಿಗೆ ತಕ್ಕಂತೆ ತುಟಿ ಆಡಿಸುವ ಕೆಲಸವೇ ಇಲ್ಲ. ಬಡ ಸ್ಟುಡಿಯೋಗೆ ಆ ಕಾಲರು ದೇವರು ಕೊಟ್ಟ ವರವಾಗಿತ್ತು.

ಆದರೆ ಬಾಯಿ ಇಲ್ಲದವನ ಭಾರವೆಲ್ಲ ದನಿಯ ಮೇಲೆ ಬಿತ್ತು. ಹಲವು ಗಂಡಸರನ್ನು ಕರೆಸಿ ನೋಡಿದ್ದರಂತೆ. ಖಳ ಎಂದ ಕೂಡಲೇ ಎಲ್ಲರೂ ಹೊಟ್ಟೆಯಿಂದ ಗುರುಗುಟ್ಟುವವರೇ. “ಗುರ್ ಅಂದ್ರೆ ಜನ ಓಡಿಹೋಗ್ತಾರೆ. ನಮ್ಮವನ ಮುಂದೆ ಜನ ಕ್ಯೂ ನಿಲ್ಲಬೇಕು” ಎಂದು ನಿರ್ದೇಶಕ ಕೈಗೊಂದು ಹಾಳೆ ಕೊಟ್ಟ.

ದಯವಿಟ್ಟು ಬೀಗದ ಕೈ ಕೊಡಿ ಎಂದಷ್ಟೇ ಅದರಲ್ಲಿತ್ತು. ಮೈಕಮ್ಮ ಅಭ್ಯಾಸಬಲದಿಂದ, ಅಲ್ಲಿ ಇಲ್ಲದ ಗಂಟೆಯ ಸದ್ದು ವಾಪಸು ಬರಲೆಂದು ಕಾದರು. ಎಡಕ್ಕೆ ತಿರುಗಿ ಉಸಿರೆಳೆದರು. ಆಮೇಲೆ ಹೇಳಿದರು. ಹೇಳಿ, ಕೊನೆಯಲ್ಲಿ, ನಿಲ್ದಾಣದಲ್ಲಿ ಹೇಳುವಂತೆಯೇ, “ದಯವಿಟ್ಟು ಸಹಕರಿಸಿ” ಎಂದು ತಾವಾಗಿಯೇ ಸೇರಿಸಿದರು. ಯಂತ್ರದ ಮುಂದೆ ಕೂತವನು ಮೊದಲಿನ ಆ ಮೌನವನ್ನು ಕತ್ತರಿಸಲು ಹೋದ. ನಿರ್ದೇಶಕ ಅವನ ಕೈ ಹಿಡಿದುಕೊಂಡ. ಚಿತ್ರಕಾರ ಅಕ್ಷರದ ಸುತ್ತ ಬಿಟ್ಟ ಬಿಳಿ ಜಾಗ ಅದೇ ಎಂದು ನಿರ್ದೇಶಕನಿಗೆ ತಿಳಿದುಹೋಗಿತ್ತು.

ಮೈಕಮ್ಮ ಒಂದೇ ಷರತ್ತು ಹಾಕಿದರು: ತನ್ನ ಹೆಸರು ಎಲ್ಲೂ ಬರಬಾರದು. ಕಾರಣವಿತ್ತು. ನಿಲ್ದಾಣದ ಮ್ಯಾನೇಜರ್ ಮೇಜಿನ ಮೇಲೆ ಆಗಲೇ ಪ್ರಕಟಣೆ ಹೇಳುವ ಯಂತ್ರದ ಬಣ್ಣದ ಕರಪತ್ರ ಬಂದು ಕೂತಿತ್ತು. ನಿಲ್ದಾಣದ ದನಿ ಬೇರೆ ಕಡೆ ಬಾಡಿಗೆಗೆ ಹೋಗಿದೆ ಎಂದು ಗೊತ್ತಾದರೆ ಕುರ್ಚಿ ಖಾಲಿ ಮಾಡಿಸಲು ಅಷ್ಟು ನೆಪ ಸಾಕಾಗಿತ್ತು. ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಮಗಳು ಶಾಲೆಗೆ ಹೋಗುವವಳು, ಅತ್ತೆಯ ಕಣ್ಣಿಗೆ ಪೊರೆ. ಆ ಕುರ್ಚಿ ಇದ್ದರೆ ಮನೆ ನಿಂತಿರುತ್ತದೆ. ಹಾಗಿದ್ದೂ ಒಪ್ಪಿದ್ದೇಕೆ ಎಂದರೆ ಅವರು ಕಪ್ಪಿನ ಬಿಸಿನೀರನ್ನು ಒಂದು ಗುಟುಕು ಕುಡಿದು ಹೇಳುತ್ತಾರೆ:

“ದಿನಾ ಬೆಳಿಗ್ಗೆಯಿಂದ ಒಳ್ಳೆಯವಳಾಗಿ ಇರೋದೇ ನನ್ನ ಕೆಲಸ. ಅಲ್ಲಿ ಹೋದ್ರೆ ಒಂದು ಗಂಟೆ ಕೆಟ್ಟವಳಾಗಿರಬಹುದಿತ್ತು. ಅದೇ ದನಿ, ಅದೇ ಮಾತು. ಒಳಗಿರೋದು ಮಾತ್ರ ಬೇರೆ.”

ಮನೆಯಲ್ಲಿ ಹೆಚ್ಚುವರಿ ಪಾಳಿ ಎಂದು ಹೇಳಿದ್ದರು. ಅತ್ತೆ ನಂಬಲಿಲ್ಲ. ಕಣ್ಣು ಮಂಜಾದ ಮೇಲೆ ಆ ಮುದುಕಿಯ ಕಿವಿ ಎರಡು ಪಟ್ಟಾಗಿತ್ತು. ಎರಡು ಕೋಣೆಗಳ ಮನೆ, ನಡುವೆ ಹಲಗೆಯ ಗೋಡೆ. ಸೊಸೆ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವಳ ಮನಸ್ಸು ತೂಗುತ್ತಿದ್ದವರು. ಈಚೆಗೆ ಮೆಟ್ಟಿಲು ಹಗುರಾಗಿ ಹತ್ತುತ್ತೀಯಲ್ಲ, ಏನು ಸಮಾಚಾರ ಎಂದು ಕೇಳಿದರು. ಪಾಳಿ ಮಾಡಿ ಬಂದವರ ಕಾಲು ಹೀಗಿರುವುದಿಲ್ಲ ಎಂದರು. ಬಿಸಿನೀರಿಗೆ ಉಪ್ಪು ಹಾಕಿ ಯಾಕೆ ಬಾಯಿ ಮುಕ್ಕಳಿಸುತ್ತೀಯ, ಯಾರ ಜೊತೆ ಅಷ್ಟು ಮಾತಾಡಿ ಗಂಟಲು ಕೆಟ್ಟಿತು ಎಂದೂ ಕೇಳಿದರು. ಮಗ ಊರಲ್ಲಿಲ್ಲದಾಗ ಸೊಸೆಯ ಕಾಲು ಹಗುರಾದರೆ ಅತ್ತೆಯಾದವಳು ಯೋಚಿಸುವುದು ಒಂದನ್ನೇ.

ಕಾರ್ಟೂನು ಟಿ.ವಿ.ಯಲ್ಲಿ ಶುರುವಾಯಿತು. ಹೆಸರುಗಳ ಸಾಲಿನಲ್ಲಿ ‘ಮೆಲ್ಲಣ್ಣನ ದನಿ: ಮೆಲ್ಲಣ್ಣ’ ಎಂದಿತ್ತು. ಮಗಳು ಅವನು ಬಂದಾಗಲೆಲ್ಲ ಅಜ್ಜಿಯ ಮಡಿಲಿಗೆ ತಲೆ ಹುದುಗಿಸುತ್ತಿದ್ದಳು. ಅಜ್ಜಿ ಟಿ.ವಿ. ಕಡೆ ಕಿವಿ ಮಾಡಿ ಕೂತಿರುತ್ತಿದ್ದರು. ಒಂದು ವಿಚಿತ್ರವೆಂದರೆ, ಆ ವಾರದಿಂದ ಅವರು ಸೊಸೆಯನ್ನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಟ್ಟರು. ಮೈಕಮ್ಮನಿಗೆ ಅದು ಇನ್ನಷ್ಟು ಕಸಿವಿಸಿ. ಬೊಗಳುವ ನಾಯಿ ಸುಮ್ಮನಾದರೆ ಅದು ಕಳ್ಳನನ್ನು ಕಂಡಿದೆ ಎಂದೇ ಅರ್ಥ ಎಂದು ಅವರ ಲೆಕ್ಕ. ಮಗನಿಗೆ ಫೋನು ಹೋಗಿರಬಹುದೇ ಎಂದು ಗಂಡ ಬಂದಾಗಲೆಲ್ಲ ಅವನ ಮುಖ ನೋಡುತ್ತಿದ್ದರು. ಅವನ ಮುಖದಲ್ಲಿ ನಿದ್ದೆಯೊಂದೇ ಕಾಣುತ್ತಿತ್ತು.

ತೊಂದರೆ ಶುರುವಾದದ್ದು ನಿಲ್ದಾಣದಲ್ಲಿ. “ದಯವಿಟ್ಟು ಸಹಕರಿಸಿ” ಎಂದು ಸ್ಪೀಕರು ಹೇಳಿದ ಕೂಡಲೇ ಮಕ್ಕಳು ಕಿಸಕ್ಕನೆ ನಗುವುದು, ದೊಡ್ಡವರು ತಮಗೇ ಗೊತ್ತಿಲ್ಲದಂತೆ ಜೇಬು ಮುಟ್ಟಿ ನೋಡಿಕೊಳ್ಳುವುದು. ಒಮ್ಮೆ ಬಸ್ಸಿನ ಅಂಕಣ ಬದಲಾಗಿದೆ ಎಂದು ಮೈಕಮ್ಮ ಹೇಳಿದರೆ ಅರ್ಧ ಜನ ಕದಲಲೇ ಇಲ್ಲ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಸಾಮಾನಿನ ಮೇಲೆ ಗಟ್ಟಿಯಾಗಿ ಕೂತರು. ಬಸ್ಸು ಪಕ್ಕದ ಅಂಕಣದಿಂದ ಹೊರಟುಹೋಯಿತು. ಜನ ಕೌಂಟರಿಗೆ ಮುತ್ತಿಗೆ ಹಾಕಿದರು.

ಪಾಳಿ ಮುಗಿದ ಮೇಲೆ ಮ್ಯಾನೇಜರ್ ಕರೆಸಿದರು. ಗಟ್ಟಿಯಾಗಿ ಮಾತಾಡುವ ಮನುಷ್ಯರಲ್ಲ. ಕಾರ್ಟೂನು ನೋಡುತ್ತೀರಾ ಎಂದು ಕೇಳಿದರು. ಮಗಳು ನೋಡುತ್ತಾಳೆ ಎಂದರು ಮೈಕಮ್ಮ. ಅದರಲ್ಲಿ ಒಬ್ಬ ಕಳ್ಳ ಇದ್ದಾನಲ್ಲ, ನಿಮ್ಮ ಹಾಗೇ ಮಾತಾಡುತ್ತಾನೆ ಎಂದರು ಮ್ಯಾನೇಜರ್. ಇಲ್ಲಿ ಬಸ್ಸು ಕಾಯುವಾಗ ಯಾರೋ ಕೇಳಿ ನಕಲು ಮಾಡಿರಬೇಕು ಸಾರ್ ಎಂದರು ಮೈಕಮ್ಮ. ಪೂರ್ತಿ ಸುಳ್ಳೂ ಅಲ್ಲ. ಮ್ಯಾನೇಜರ್ ಕರಪತ್ರವನ್ನು ಮಡಚುತ್ತ, ಬಿಡಿಸುತ್ತ ಹೇಳಿದರು:

“ನಮ್ಮನೆ ಟಿ.ವಿ. ಸ್ಪೀಕರ್ ಸರಿ ಇಲ್ಲ. ಅವನದು ಸಿನಿಮಾನೂ ಬರುತ್ತಂತೆ. ಥಿಯೇಟರಿನ ದೊಡ್ಡ ಸ್ಪೀಕರಲ್ಲಿ ಕೇಳ್ತೀನಿ. ಆಮೇಲೆ ನಿಮ್ಮ ವಿಷಯ ಮಾತಾಡೋಣ.”

ಸಿನಿಮಾದ ಸುದ್ದಿ ನಿಜವಾಗಿತ್ತು. ದೊಡ್ಡ ಕಂಪನಿಯೊಂದು ಮೆಲ್ಲಣ್ಣನನ್ನು ಕೊಂಡಿತ್ತು. ಗಡ್ಡದ ನಿರ್ದೇಶಕನ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಮೆಲ್ಲಣ್ಣನಾಗಿ ಹೆಸರಾಂತ ನಟನೊಬ್ಬ ಬಂದ. ಜನ ದುಡ್ಡು ಕೊಡುವುದು ಅವನ ಮುಖ ನೋಡಲಿಕ್ಕೆ, ಹಾಗಾಗಿ ಕಾಲರು ಮೂಗಿನಿಂದ ಕತ್ತಿಗಿಳಿಯಿತು. ಬೂದು ಕೋಟು ಹೋಗಿ ಕರೀ ಚರ್ಮದ್ದು ಬಂತು. ಕೊಡೆಯೊಳಗೆ ಕತ್ತಿ ಸೇರಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ, ಅವನು ಕೆಟ್ಟವನಾದದ್ದಕ್ಕೆ ಒಂದು ಕಾರಣ ಹುಟ್ಟಿತು: ಎಲ್ಲರೂ ಕಿರುಚಾಡುವ ಮನೆಯಲ್ಲಿ ಬೆಳೆದ ಮಗು, ಯಾರೂ ಅವನ ಮಾತು ಕೇಳಲಿಲ್ಲ, ಆದ್ದರಿಂದ ಮೆಲುದನಿ. ಈ ಕಥೆ ಕೇಳಿದಾಗ ಮೈಕಮ್ಮನಿಗೆ ಸಮಾಧಾನವಾಗಲಿಲ್ಲ. ಪತ್ರಿಕೆಯಲ್ಲಿ ಅವನು ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಬಾಗಿಲು ತಟ್ಟುವವನ ಹಿಂದೆ ಕಾರಣವೇ ಇಲ್ಲದಿದ್ದಾಗ ಹೆಚ್ಚು ಹೆದರಿಕೆ ಎಂಬುದು ಅವರ ಅಭಿಪ್ರಾಯ.

ಒಂದನ್ನು ಮಾತ್ರ ಕಂಪನಿಯವರಿಗೆ ಬದಲಾಯಿಸಲಾಗಲಿಲ್ಲ. ಮಕ್ಕಳಿಗೆ ಆ ದನಿಯ ನಡೆ ಕಂಠಪಾಠವಾಗಿತ್ತು. ನಟ ತನ್ನಂತೆ ತಾನು ಮಾತಾಡಿದರೆ ಇವನು ಮೆಲ್ಲಣ್ಣನೇ ಅಲ್ಲ ಎನ್ನುತ್ತಾರೆ. ಹಾಗಾಗಿ ಮೈಕಮ್ಮ ಎಲ್ಲ ಮಾತನ್ನೂ ಹೇಳಿ ಮಾದರಿ ಮಾಡಿಕೊಡಬೇಕು, ನಟ ಅದನ್ನು ಕಿವಿಗೆ ಹಾಕಿಕೊಂಡು ತನ್ನ ದನಿಯಲ್ಲಿ ಹೇಳುತ್ತಾನೆ ಎಂದು ಏರ್ಪಾಡಾಯಿತು.

ಮ್ಯಾನೇಜರ್ ಮಾತು ಕಿವಿಯಲ್ಲಿದ್ದಾಗ ಇದಕ್ಕೆ ಒಪ್ಪುವುದು ಮೈ ಮೇಲೆ ಹಾವು ಬಿಟ್ಟುಕೊಂಡಂತೆ. ಆದರೆ ಬೇಡ ಎಂದರೆ ಬೇರೆ ಯಾರೋ ಮೆಲ್ಲಣ್ಣನಿಗೆ ಮಾತು ಕಲಿಸುತ್ತಾರೆ. ಅದಕ್ಕೆ ಅವರು ತಯಾರಿರಲಿಲ್ಲ. ಕೊನೆಗೆ, ಸಿನಿಮಾದಲ್ಲಿ ತನ್ನ ಒಂದು ಮಾತೂ ಕೇಳಿಸಬಾರದು ಎಂದು ಕಂಪನಿಯ ಧ್ವನಿ ಎಂಜಿನಿಯರನಿಂದ ಮೂರು ಸಲ ಮಾತು ತೆಗೆದುಕೊಂಡು ಒಪ್ಪಿದರು. ಎಂಜಿನಿಯರ್ ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಅವನಿಗೂ ಇವರ ಮೇಲೆ ಅನುಮಾನ. ಕಥೆ ಹೊರಗೆ ಹೋದೀತೆಂದು ಕೈಚೀಲವನ್ನು ಬಾಗಿಲಲ್ಲೇ ಇಡಿಸಿಕೊಂಡ. ಒಳಗೆ ಇನ್ನೂ ಆ ಬೀಗ ಇತ್ತು. ಅದನ್ನು ಎತ್ತಿ ನೋಡಿದ, ಮೈಕಮ್ಮನನ್ನು ನೋಡಿದ, ಏನೂ ಕೇಳದೆ ವಾಪಸು ಇಟ್ಟ.

ಆ ಕೋಣೆಯಲ್ಲಿ ಎರಡು ಮೈಕುಗಳಿದ್ದವು. ಒಂದು ಎದುರಿಗೆ, ಇನ್ನೊಂದು ಎಡಗಡೆ ಕಂಬಿಯಿಂದ ಇಳಿಬಿಟ್ಟದ್ದು. ಅದು ಯಾಕೆ ಎಂದು ಕೇಳಿದ್ದಕ್ಕೆ, ಕೋಣೆಯ ಸದ್ದಿಗೆ ಎಂದಷ್ಟೇ ಹೇಳಿದ. ಮೈಕಮ್ಮ ಎದುರಿನ ಮೈಕಿನ ಮೇಲೆ ಕಣ್ಣಿಟ್ಟು ಹುಷಾರಾಗಿ ಕೆಲಸ ಮಾಡಿದರು. ಪ್ರತಿ ಮಾತಿಗೂ ಮೊದಲು ಕಾದರು, ಹಿರಿಯರು ಕಲಿಸಿದಂತೆಯೇ ಎಡಕ್ಕೆ ತಿರುಗಿದರು, ಎದೆ ತುಂಬ ಉಸಿರೆಳೆದರು. ಗೋಡೆ ಇರಬೇಕಾದ ಜಾಗದಲ್ಲಿ ಮೈಕು ಇದೆ ಎಂಬುದು ಅವರ ಕಣ್ಣಿಗೆ ಗೊತ್ತಿತ್ತು, ಕತ್ತಿಗೆ ಗೊತ್ತಿರಲಿಲ್ಲ.

ಸಿನಿಮಾ ಬಂದ ಮೊದಲ ವಾರದಲ್ಲೇ ಮಗಳು ಹಟ ಹಿಡಿದಳು. ಅತ್ತೆಯೂ ಹೊರಟರು. ಕಣ್ಣು ಕಾಣದವರು ಬಂದು ಏನು ನೋಡುತ್ತೀರಿ ಎಂದರೆ, “ನೋಡೋಕಲ್ಲ, ಕೇಳೋಕೆ ಬರ್ತೀನಿ” ಎಂದರು. ಆ ಮಾತೇ ಮೈಕಮ್ಮನ ಎದೆಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ಥಿಯೇಟರಿನಲ್ಲಿ ಕೂತು ತಲೆ ಎತ್ತಿದರೆ ಎರಡು ಸಾಲು ಮುಂದೆ ಮ್ಯಾನೇಜರ್, ಹೆಂಡತಿ ಮಕ್ಕಳ ಸಮೇತ. ತಿರುಗಿ ನೋಡಿ, ನಕ್ಕು, ಕೈ ಎತ್ತಿದರು.

ಮೆಲ್ಲಣ್ಣ ತೆರೆಯ ಮೇಲೆ ಬಂದ. ಬಾಗಿಲು ತಟ್ಟಿದ. ಕಾದ. ಬೀಗದ ಕೈ ಕೇಳಿದ. ಮೈಕಮ್ಮ ಒಂದೊಂದು ಪದವನ್ನೂ ನಾಣ್ಯ ಉಜ್ಜಿ ನೋಡುವಂತೆ ಕೇಳಿದರು. ನಡೆ ತನ್ನದು, ದನಿ ನಟನದು. ಎರಡನೆಯ ಸಲವೂ ಹಾಗೆಯೇ. ಮ್ಯಾನೇಜರ್ ಕುರ್ಚಿಗೆ ಒರಗಿ ಕಾಲು ಚಾಚಿದ್ದು ಕಾಣಿಸಿತು. ಎಂಜಿನಿಯರ್ ಮಾತು ಉಳಿಸಿಕೊಂಡಿದ್ದ. ಅಷ್ಟು ದಿನಗಳ ಬಿಗಿ ಸಡಿಲಾಗಿ, ಅದರ ಜಾಗದಲ್ಲಿ ಸಣ್ಣದೊಂದು ಬೇಸರವೂ ಇಣುಕಿತು. ಹಿಂದಿನ ಸಾಲಿನಲ್ಲಿ ಯಾರೋ, ಈ ನಟನ ದನಿಗೇ ದುಡ್ಡು ಕೊಡಬೇಕು ಎಂದರು.

ಅರ್ಧ ಮುಗಿದ ಮೇಲೆ ಆ ದೃಶ್ಯ ಬಂತು. ಕಥೆಯ ಹುಡುಗಿ ಬಟ್ಟೆಯ ಕಪಾಟಿನೊಳಗೆ ಅಡಗಿದ್ದಾಳೆ. ತೆರೆ ಪೂರ್ತಿ ಕತ್ತಲೆ. ಕಪಾಟಿನಾಚೆ ಮೆಲ್ಲಣ್ಣ ಬಂದು ನಿಂತಿದ್ದಾನೆ, ಮಾತಿಲ್ಲ, ಹೆಜ್ಜೆಯಿಲ್ಲ. ಉಸಿರು ಮಾತ್ರ. ಕಾದು, ನಿಧಾನಕ್ಕೆ, ಎದೆ ತುಂಬ ಎಳೆದುಕೊಂಡ ಉಸಿರು. ಅದು ಥಿಯೇಟರಿನ ಎಡಗೋಡೆಯಿಂದ ಹೊರಟು ಒಬ್ಬೊಬ್ಬರ ಬೆನ್ನ ಹಿಂದೆಯೂ ಬಂದು ನಿಂತಿತು. ಮಗಳು ಮುಖ ಮುಚ್ಚಿಕೊಂಡಳು.

ಮೈಕಮ್ಮ ತಮ್ಮ ಉಸಿರನ್ನು ಹಿಡಿದುಕೊಂಡರು. ಕನ್ನಡಿ ನೋಡಿದಷ್ಟು ಸ್ಪಷ್ಟವಾಗಿ ಅದು ಅವರದೇ. ಎರಡು ಸಾಲು ಮುಂದೆ ಮ್ಯಾನೇಜರ್ ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಗಾಜಿನ ಗೂಡಿನ ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಕೂತ ಮನುಷ್ಯ. ತಲೆ ಓರೆ ಮಾಡಿ ಕೇಳಿದರು. ನಿಧಾನವಾಗಿ ಹಿಂದಕ್ಕೆ ತಿರುಗತೊಡಗಿದರು.

ಆಗ ಅತ್ತೆ ಬಾಯಿ ತೆರೆದರು. ಮನೆಯಲ್ಲಿ ಎಂದೂ ಎತ್ತದ ದನಿ.

“ಏನಮ್ಮಾ ಇದು, ಕರೆಂಟ್ ಹೋಯ್ತಾ? ಯಾಕೆ ಎಲ್ಲ ಸುಮ್ಮನಾದ್ರು? ನನಗೇನೂ ಕೇಳಿಸ್ತಾ ಇಲ್ಲ!”

ನಾಲ್ಕೂ ಕಡೆಯಿಂದ ಜನ ಶ್ ಎಂದರು. ಯಾರೋ ನಕ್ಕರು. ಅಜ್ಜೀ ಸುಮ್ನಿರಿ ಎಂದು ಇನ್ನೊಬ್ಬರು. ನನಗೆ ಬುದ್ಧಿ ಹೇಳೋಕೆ ನೀನ್ಯಾರಪ್ಪ ಎಂದು ಅತ್ತೆ ಅವರಿಗೂ ತಿರುಗಿ ಬಿದ್ದರು. ಒಮ್ಮೆ ಕೆಮ್ಮಿದರು, ಮತ್ತೊಮ್ಮೆ ಇನ್ನೂ ಜೋರಾಗಿ. ಆ ಗದ್ದಲದಲ್ಲಿ ಉಸಿರು ಮುಳುಗಿತು. ಕಪಾಟಿನ ಬಾಗಿಲು ತೆರೆಯಿತು, ತೆರೆಗೆ ಬೆಳಕು ಬಂತು. ಮ್ಯಾನೇಜರ್ ಮುದುಕಿಯನ್ನು ನೋಡಿ ಮುಖ ಸಿಂಡರಿಸಿ ಮುಂದಕ್ಕೆ ತಿರುಗಿಕೊಂಡರು. ಅತ್ತೆ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ತಗ್ಗಿದ ದನಿಯಲ್ಲಿ, “ಉಸಿರು ಬಿಡು ಈಗ. ನೀಲಿಗಟ್ಟೀಯ” ಎಂದರು.

ಮನೆಗೆ ನಡೆಯುವಾಗ ಮಗಳು ಮುಂದೆ ಓಡುತ್ತಿದ್ದಳು. ಮೈಕಮ್ಮ, ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು.

“ಟಿ.ವಿ.ಯಲ್ಲಿ ಅವನು ಮೊದಲನೇ ಸಲ ಬಾಯಿಬಿಟ್ಟಾಗಲೇ. ಬೀಗದ ಕೈ ಕೊಡಿ ಅಂದನಲ್ಲ, ನೀನು ನನಗೆ ಮಾತ್ರೆ ನುಂಗಿಸೋ ದನಿ. ಎಷ್ಟು ವರ್ಷದಿಂದ ಆ ದನಿಗೆ ಹೆದರಿಕೊಂಡು ನುಂಗ್ತಾ ಇದ್ದೀನಿ, ನನಗೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?”

“ನೀನು ಹೇಳಿದ್ಯಾ?” ಎಂದು ಮುದುಕಿ ಕೋಲು ಊರಿಕೊಂಡು ಮುಂದೆ ನಡೆದರು. ಸ್ವಲ್ಪ ದೂರ ಹೋಗಿ, “ನಾನು ಬೇರೆ ಏನೋ ಅಂದ್ಕೊಂಡಿದ್ದೆ. ಕಳ್ಳತನ ಅಂತ ಗೊತ್ತಾದ ಮೇಲೆ ಸಮಾಧಾನ ಆಯ್ತು” ಎಂದರು.

ಮರುದಿನ ಮ್ಯಾನೇಜರ್ ಗಾಜಿನ ಬಾಗಿಲಿಗೆ ಒರಗಿ ನಿಂತು ತೀರ್ಪು ಕೊಟ್ಟರು. ದೊಡ್ಡ ಸ್ಪೀಕರಿನಲ್ಲಿ ಸರಿಯಾಗಿ ಕೇಳಿದ್ದಾಯಿತು, ಅದು ನಟನದೇ ದನಿ, ಹೋಲಿಕೆ ಏನೋ ಇದೆ, ಇರಲಿ. ಕರಪತ್ರ ಮೇಜಿನಿಂದ ಖಾನೆಗೆ ಹೋಯಿತು. ಖಾನೆಗೆ ಬೀಗ ಹಾಕಿಲ್ಲ ಎಂಬುದನ್ನು ಮೈಕಮ್ಮ ಗಮನಿಸಿದರು. ಹೊರಡುವ ಮುನ್ನ, “ನಿಮ್ಮತ್ತೆಗೆ ಕಿವಿ ತೋರಿಸಿ. ಒಳ್ಳೇ ಜಾಗದಲ್ಲಿ ಕೆಡಿಸಿಬಿಟ್ರು” ಎಂದರು ಮ್ಯಾನೇಜರ್.

ಮಧ್ಯಾಹ್ನ ಮೈಕಮ್ಮ ಎಂಜಿನಿಯರಿಗೆ ಫೋನು ಮಾಡಿದರು. ಅವನು ನಿರಾಕರಿಸಲಿಲ್ಲ. ನಟ ಕತ್ತಲೆಯ ದೃಶ್ಯಕ್ಕೆ ಎಷ್ಟು ಉಸಿರಾಡಿದರೂ ಅದು ಮೆಟ್ಟಿಲು ಹತ್ತಿ ದಣಿದವನ ಉಸಿರಿನಂತೆ ಕೇಳುತ್ತಿತ್ತಂತೆ. ಎಡಗಡೆಯ ಮೈಕಿನಲ್ಲಿ ಇವರದು ಸಿಕ್ಕಿತು.

“ಮಾತು ಬಳಸಲ್ಲ ಅಂದಿದ್ದೆ, ಬಳಸಿಲ್ಲ. ಉಸಿರಿನ ಬಗ್ಗೆ ನೀವು ಕೇಳಲೇ ಇಲ್ಲವಲ್ಲ” ಎಂದ. ದನಿಯಲ್ಲಿ ತಪ್ಪು ಮಾಡಿದ ಭಾವವೇನೂ ಇರಲಿಲ್ಲ. ಎರಡನೆಯ ಭಾಗಕ್ಕೆ ಬರುತ್ತೀರಾ ಎಂದೂ ಕೇಳಿದ. ಯೋಚಿಸಿ ಹೇಳುತ್ತೇನೆ ಎಂದು ಇವರು ಫೋನಿಟ್ಟರು. ಇನ್ನೂ ಯೋಚಿಸುತ್ತಲೇ ಇದ್ದಾರೆ.

ಮನೆಯಲ್ಲಿ ಅತ್ತೆ ಈಗ ಮಾತ್ರೆಗೆ ಸುಲಭವಾಗಿ ಬಾಯಿ ತೆರೆಯುವುದಿಲ್ಲ. ದಯವಿಟ್ಟು ಸಹಕರಿಸಿ ಎಂದು ಪೂರ್ತಿ ಹೇಳಿಸಿಕೊಂಡೇ ನುಂಗುತ್ತಾರೆ. ನುಂಗುವ ಮೊದಲು ಮಾತ್ರೆಯನ್ನು ಬೆರಳಲ್ಲಿ ತಿರುಗಿಸಿ, ಮೂಸಿ, ನಿನ್ನೆಯದೇ ತಾನೆ ಎಂದು ಕೇಳುವುದನ್ನೂ ಬಿಟ್ಟಿಲ್ಲ.

ಗಾಜಿನ ಗೂಡಿನಲ್ಲಿ ಎಲ್ಲ ಮೊದಲಿನಂತೆಯೇ ನಡೆದಿದೆ. ಗುಂಡಿ ಒತ್ತುತ್ತಾರೆ. ಸದ್ದು ತಗಡಿನ ಸೂರಿನುದ್ದಕ್ಕೂ ಹೋಗಿ ಬರುತ್ತದೆ. ಕತ್ತು ತಾನಾಗಿ ಎಡಕ್ಕೆ ಹೊರಳುತ್ತದೆ. ಅಲ್ಲಿರುವುದು ಸುಣ್ಣ ಬಳಿದ ಗೋಡೆ, ಅದರ ಮೇಲೊಂದು ಹಳೆಯ ಮೊಳೆ. ಮೈಕಮ್ಮ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡುತ್ತಾರೆ. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಉಸಿರೆಳೆದುಕೊಳ್ಳುತ್ತಾರೆ.